ಗ್ವಾಡಿ ಮುಟ್ಟಿ ನೋಡಿದೇನು?

"ಒಟ್ಟು ಎಷ್ಟಾಯ್ತು?"

ಕಳೆದ ಶನಿವಾರ ನಮ್ಮ ಹಳೆ ಕ್ಯಾರವಾನ್, ಅಂದರೆ ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿ, ನೋಡಲು ಬಂದ ಗೆಳೆಯರೊಬ್ಬರು ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು ಇದು. ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ನನ್ನ ಗಂಡ ಲೆಕ್ಕ ಹೇಳಿದರು. ಗಾಡಿಗೆ 900 ಪೌಂಡ್, ಒಳಗಿನ ಕೆಲಸಕ್ಕೆ 400ರ ಆಸುಪಾಸು. "ಅಷ್ಟು ದುಡ್ಡಿಗೆ ಹೋಟೆಲ್‌ನಲ್ಲೇ ಆರಾಮಾಗಿ ಇದ್ದು ಬರಬಹುದಿತ್ತಲ್ಲ" ಅಂದರು. ನನಗೆ ಬಾಯಿ ಕಟ್ಟಿದಂತಾಯಿತು. ಒಳಗೆ ಸೀಟಿನ ಮೇಲೆ ಕೂತಿದ್ದ ಅವ್ವ ಮಾತ್ರ ಸುಮ್ಮನಿರಲಿಲ್ಲ.

"ತಮ್ಮಾ, ರೊಕ್ಕ ಎಷ್ಟಂತ ಕೇಳಿದಿ. ಗ್ವಾಡಿ ಮುಟ್ಟಿ ನೋಡಿದೇನು?"

ಇಡೀ ವಾರ ನನ್ನ ಕಿವಿಯಲ್ಲಿ ಆ ಮಾತೇ ಇದೆ.

ನಾವಿರುವುದು ಇಂಗ್ಲೆಂಡಿನ ಹಲ್ ಊರಲ್ಲಿ. ಇಲ್ಲಿ ಕ್ಯಾರವಾನ್ ಅಂದರೆ ಎಲ್ಲರಿಗೂ ಗೊತ್ತಿರುವ ಕಸುಬು. ಪಕ್ಕದ ಕಾಟಿಂಗ್‌ಹ್ಯಾಮ್‌ನಲ್ಲಿ ಸ್ವಿಫ್ಟ್ ಕಂಪನಿಯ ದೊಡ್ಡ ಕಾರ್ಖಾನೆಯೇ ಇದೆ. ನಮ್ಮ ಎದುರು ಮನೆಯ ಅಜ್ಜ ಕೂಡ ಒಂದು ಕ್ಯಾರವಾನ್ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವರು. ನಾವು ಗಾಡಿ ತಂದ ದಿನವೇ ತೇವ ಅಳೆಯುವ ಮೀಟರ್ ಹಿಡಿದುಕೊಂಡು ಬಂದರು. ಅದರ ತುದಿಯಲ್ಲಿ ಎರಡು ಸಣ್ಣ ಮೊಳೆ. ಗೋಡೆಗೆ ಒತ್ತಿದರೆ ತೇವ ಶೇಕಡಾ ಎಷ್ಟು ಅಂತ ಅಂಕಿ ತೋರಿಸುತ್ತದೆ. 15ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ನೀರು ಒಳಗೆ ಬರುತ್ತಿದೆ ಅಂತ ಲೆಕ್ಕ ಅಂದರು. ಅವರು ಬಾಗಿಲ ಪಕ್ಕದಿಂದ ಒಂದೊಂದೇ ಜಾಗ ಒತ್ತಿ ನೋಡುತ್ತಾ ಬರುತ್ತಿದ್ದರೆ, ಅವ್ವ ಸೀದಾ ಹೋಗಿ ಮುಂದಿನ ಕಿಟಕಿಯ ಕೆಳಗಿನ ಮೂಲೆಗೆ ಹೆಬ್ಬೆರಳು ಒತ್ತಿದಳು. "ಇಲ್ಲಿ ಮೆತ್ತಗೈತಿ" ಅಂದಳು. ಅಜ್ಜ ಅಲ್ಲೇ ಮೀಟರ್ ಇಟ್ಟರು. 28.

ಅವ್ವ ಬೆಳೆದದ್ದು ಗದಗ ಹತ್ತಿರದ ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಮಳೆಗಾಲ ಬರುವ ಮೊದಲು ಮಾಳಿಗೆಗೆ, ಅಂದರೆ ಮಣ್ಣಿನ ಚಾವಣಿಗೆ, ಹೊಸ ಮಣ್ಣು ಹಾಕಿ ತುಳಿಯಬೇಕು. ಇಲ್ಲದಿದ್ದರೆ ಯಾವ ಮೂಲೆ ಮೊದಲು ಸೋರುತ್ತದೆ ಅಂತ ಮನೆಯ ಮಕ್ಕಳಿಗೂ ಗೊತ್ತು. ನನ್ನ ತಲೆಯಲ್ಲಿ ಬಣ್ಣ, ಪರದೆ, ದಿಂಬು ಓಡುತ್ತಿದ್ದವು. ಅವ್ವ ಹೇಳಿದಳು: "ಬಣ್ಣ ಆಮ್ಯಾಲೆ ಹಚ್ಚವಂತಿ. ಮದ್ಲ ನೀರು ಎಲ್ಲಿಂದ ಬರ್ತೈತಿ ನೋಡು."

ಹಳೆ ಕ್ಯಾರವಾನ್ ಗೋಡೆ ಅಂದರೆ ಹೊರಗೆ ತೆಳ್ಳನೆ ಅಲ್ಯೂಮಿನಿಯಂ ತಗಡು, ನಡುವೆ ಮರದ ಪಟ್ಟಿ ಮತ್ತು ಥರ್ಮೋಕೋಲ್, ಒಳಗೆ ತೆಳು ಪ್ಲೈವುಡ್. ತಗಡುಗಳು ಕೂಡುವ ಕಡೆ ಮೆತ್ತನೆಯ ಅಂಟು ತುಂಬಿರುತ್ತಾರೆ. ವರ್ಷ ಕಳೆದಂತೆ ಅದು ಒಣಗಿ ಬಿರಿಯುತ್ತದೆ. ನೀರು ಅಲ್ಲಿಂದ ಇಳಿದು ಮರವನ್ನು ಒಳಗೊಳಗೇ ಕೊಳೆಸುತ್ತದೆ. ನೋಡುವವರಿಗೆ ಏನೂ ಕಾಣುವುದಿಲ್ಲ. ಮೇಲೆ ಚೆಂದದ ಬಣ್ಣ ಬಳಿದು ಮಾರುವವರೂ ಇದ್ದಾರೆ, ಅದು ನನ್ನ ಪ್ರಕಾರ ಶುದ್ಧ ಮೋಸ.

ಹಾಗಾಗಿ ನಮ್ಮ 400 ಪೌಂಡ್‌ನಲ್ಲಿ ಜಾಸ್ತಿ ಪಾಲು ಕಣ್ಣಿಗೆ ಕಾಣದ ಕಡೆಗೇ ಹೋಯಿತು. ಹೊರಗಿನ ಪಟ್ಟಿ ಬಿಚ್ಚಿ, ಹಳೆ ಅಂಟು ಕೆರೆದು, ಹೊಸದು ತುಂಬಿದ್ದಾಯಿತು. ಕೊಳೆತ ಮರದ ಪಟ್ಟಿಗಳ ಬದಲು ಅಜ್ಜ ಹೊಸದು ಕೂರಿಸಿಕೊಟ್ಟರು. ಒಳಗೆಲ್ಲ ಒಣಗುವವರೆಗೆ ಕಾದೆವು. ಕಾಯುವುದಕ್ಕೆ ದುಡ್ಡು ಬೇಡ, ಆದರೆ ಅದೇ ಕಷ್ಟ.

ಅಲಂಕಾರಕ್ಕೆ ಖರ್ಚಾದದ್ದು ಸ್ವಲ್ಪವೇ. ಕಂದು ಬಣ್ಣದ ಕಪಾಟುಗಳನ್ನು ಜಿಡ್ಡು ತೆಗೆಯುವ ಶುಗರ್ ಸೋಪ್ ಹಾಕಿ ತೊಳೆದೆವು. ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯೇಳುತ್ತದೆ. ಪ್ರೈಮರ್ ಹಚ್ಚಿ, ಮೇಲೆ ತಿಳಿ ಕೆನೆ ಬಣ್ಣ ಬಳಿದೆವು. ನೆಲಕ್ಕೆ ಅಂಟಿಸುವ ವಿನೈಲ್ ಹಾಳೆ. ಟೈಲ್ಸ್, ದಪ್ಪ ಮರ ಬೇಡವೇ ಬೇಡ, ಕಾರು ಎಳೆಯಬಹುದಾದ ಭಾರಕ್ಕೆ ಮಿತಿ ಇದೆ. ಒಲೆಯ ಕೆಳಗೆ ನೆಲದಲ್ಲಿದ್ದ ತೂತನ್ನು ಮುಚ್ಚಬೇಕು ಅಂತ ಅವ್ವ ಬಟ್ಟೆ ತಂದಿದ್ದಳು. ಅಜ್ಜ ಓಡಿ ಬಂದು ತಡೆದರು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಆಚೆ ಹೋಗಲಿ ಅಂತಲೇ ಬಿಟ್ಟ ತೂತು ಅದು. ಅಜ್ಜ ಮೂಗು ಮುಚ್ಚಿಕೊಂಡು, ಕೈಯಲ್ಲೇ ನೆಲದ ಕಡೆಗೆ ತೋರಿಸಿ ಅವಳಿಗೆ ಅರ್ಥ ಮಾಡಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ.

ಸೀಟಿನ ಫೋಮ್ ಇನ್ನೂ ಗಟ್ಟಿಮುಟ್ಟಾಗಿತ್ತು. ಇಲ್ಲಿನ 1988ರ ಕಾನೂನಿನಂತೆ ಬೆಂಕಿ ಬೇಗ ಹಿಡಿಯದ ಫೋಮ್ ಅದು, ಅದನ್ನೇ ಉಳಿಸಿಕೊಂಡೆವು. ಹೊಸ ಕವರ್ ಹೊಲಿಸಲು ಕೇಳಿದ ದರ ನಮ್ಮ ಇಡೀ ಬಜೆಟ್‌ಗಿಂತ ಜಾಸ್ತಿ. ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಸಿಕ್ಕ ಪರದೆ ಬಟ್ಟೆಯಲ್ಲಿ ನಾನು ಕವರ್ ಹೊಲಿದೆ. ಉಳಿದ ತುಂಡುಗಳು, ನನ್ನ ಹಳೆ ಕಾಟನ್ ಸೀರೆಗಳು ಸೇರಿ ಅವ್ವನ ಕೈಯಲ್ಲಿ ಕೌದಿಯಾದವು.

ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ವಿಮಾನ ನಿಲ್ದಾಣಕ್ಕೆ ಬರುವ ಮನುಷ್ಯ. ಆದರೆ ನಮ್ಮವರಲ್ಲಿ ಈ "ಎಷ್ಟಾಯ್ತು" ಜಾಸ್ತಿಯಾಯಿತು ಅನಿಸುತ್ತದೆ. ಮನೆ ತಗೊಂಡರೆ ಎಷ್ಟಾಯ್ತು, ಮಗಳ ಸಂಗೀತ ಪಾಠಕ್ಕೆ ಎಷ್ಟಾಯ್ತು. ದುಡ್ಡಿಗೆ ಕಷ್ಟಪಟ್ಟು ಬಂದವರು ನಾವೆಲ್ಲ, ಕೇಳುವುದು ಸಹಜವೇ. ಆದರೆ ಅಂಕಿ ಸಿಕ್ಕಿದ ಮೇಲೆ ಯಾರೂ ವಸ್ತುವನ್ನು ನೋಡುವುದಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ನಾವು ಲಂಡನ್ ತೋರಿಸುತ್ತೇವೆ, ಫೋಟೋ ತೆಗೆಯುತ್ತೇವೆ, ಆಮೇಲೆ ಹೀಟರ್ ಪಕ್ಕ ಕೂರಿಸುತ್ತೇವೆ. ಆರು ತಿಂಗಳು ಅವರಿಗೆ ಗೊತ್ತಿರುವ ಒಂದು ವಿಷಯವನ್ನೂ ಕೇಳುವುದಿಲ್ಲ. ಅವ್ವ ಹೋದ ಸಲ ಬಂದಾಗ ಊರಿಗೆ ಹೋಗುವ ದಿನ ಎಣಿಸುತ್ತಿದ್ದಳು. ಈ ಸಲ ಬೆಳಿಗ್ಗೆ ಎದ್ದು, ಚಹಾ ಕುಡಿದು, ನಮಗಿಂತ ಮೊದಲು ಗಾಡಿ ಹತ್ತುತ್ತಾಳೆ. ಅವಳ ಬೆರಳಿಗೆ ಇಷ್ಟು ತಿಳಿದಿದೆ ಅಂತ ನನಗೆ ಈ ವಯಸ್ಸಿಗೆ ಗೊತ್ತಾಗಬೇಕಿತ್ತಾ?

ಆ ದಿನ ಗೆಳೆಯರು ಒಳಗೆ ಬಂದು ಗೋಡೆ ಒತ್ತಿ ನೋಡಿದರು. "ಗಟ್ಟಿ ಇದೆ ಅಮ್ಮಾ" ಅಂದರು. ಆಮೇಲೆ ಸಂಜೆವರೆಗೂ ಅವ್ವನ ಹತ್ತಿರ ಮಾಳಿಗೆ ಮನೆಯ ಕಥೆ ಕೇಳುತ್ತಾ ಕೂತರು.

ಹಿಂದಿನ ಕಿಟಕಿಯ ಮೇಲಿನ ಪಟ್ಟಿ ಇನ್ನೂ ಬಾಕಿ ಇದೆ. ಮಳೆ ಬಿಟ್ಟರೆ ಭಾನುವಾರ ಬಿಚ್ಚುತ್ತೇವೆ, ಅಜ್ಜನಿಗೂ ಹೇಳಿಯಾಗಿದೆ. ತಾನು ಊರಿಗೆ ಹೋಗುವುದರೊಳಗೆ ಅದು ಮುಗಿಯಲೇಬೇಕು ಅಂತ ಅವ್ವನ ಹಟ.