ಯಾವ ಸ್ಯಾಂಡರ್ ತುಂಬಾ ವರ್ಷ ಬಾಳುತ್ತದೆ?

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಹೊಸತಾಗಿ ಕೆಲಸ ಶುರು ಮಾಡಿದ ಹುಡುಗರು, ಮನೆಯ ಬಾಗಿಲಿಗೆ ತಾವೇ ಪಾಲಿಶ್ ಹಾಕಲು ಹೊರಟವರು, ಎಲ್ಲರೂ ಕೇಳುವುದು ಒಂದೇ: "ಅಣ್ಣಾ, ಯಾವ ಕಂಪೆನಿಯ ಸ್ಯಾಂಡರ್ ತೆಗೆದುಕೊಂಡರೆ ಬಾಳಿಕೆ ಬರುತ್ತದೆ?" ಸ್ಯಾಂಡರ್ ಅಂದರೆ ಮರವನ್ನು ಉಜ್ಜಿ ನಯ ಮಾಡುವ ಕರೆಂಟಿನ ಮಿಷನ್.

ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಒಂದೇ ಕಂಪೆನಿ ಅಪರೂಪಕ್ಕೆ ಬಳಸುವವರಿಗೆ ಒಂದು, ದಿನವಿಡೀ ದುಡಿಯುವವರಿಗೆ ಇನ್ನೊಂದು ಮಿಷನ್ ಮಾಡುತ್ತದೆ. ಎರಡರ ಹೊಟ್ಟೆಯೊಳಗೆ ಇರುವುದು ಬೇರೆ ಬೇರೆ. ಅದಕ್ಕೇ ನಾನು ಮೊದಲು ಸ್ಯಾಂಡರ್ ಯಾಕೆ ಕೆಡುತ್ತದೆ ಅಂತ ಹೇಳುತ್ತೇನೆ. ಅದು ಕೆಡುವುದು ಹೆಚ್ಚಾಗಿ ತಾನೇ ಎಬ್ಬಿಸಿದ ಹುಡಿಯಿಂದ.

ನನ್ನ ಮೊದಲ ಮಿಷನ್ ಒಂದು ಮಳೆಗಾಲ ದಾಟಲಿಲ್ಲ. ಹಲಸಿನ ಬಾಗಿಲು ಉಜ್ಜುತ್ತಿದ್ದೆ. ಮೊದಲು ಕೀಂಯ್ ಅಂತ ಶಬ್ದ, ಆಮೇಲೆ ಗರಗರ, ಕೊನೆಗೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಒಳಗೆಲ್ಲ ಹಳದಿ ಹುಡಿ, ಅರಿಸಿನ ಮೆತ್ತಿದ ಹಾಗೆ. ಮೋಟಾರ್ ಸರಿಯಾಗಿಯೇ ಇತ್ತು. ಹೋದದ್ದು ಕೆಳಗಿನ ಬೇರಿಂಗ್, ಅಂದರೆ ತಿರುಗುವ ದಂಡವನ್ನು ಹಿಡಿದಿಡುವ ಗುಂಡುಗಳಿರುವ ಬಳೆ. ಅದು ಕೂತಿದ್ದ ಪ್ಲಾಸ್ಟಿಕ್ ಗೂಡು ಬಿಸಿಗೆ ಕರಗಿ ಅಗಲವಾಗಿತ್ತು. ಹೊಸ ಬೇರಿಂಗ್ ಹಾಕಿದೆ, ಅದೂ ಅಲ್ಲಿ ನಿಲ್ಲಲಿಲ್ಲ.

ಅಂದಿನಿಂದ ನಾನು ಮೊದಲು ವಿಚಾರಿಸುವುದು ಬೇರಿಂಗ್ ಬಗ್ಗೆ. ಅದರ ಮೇಲೆ 2ಆರ್‌ಎಸ್ ಅಂತ ಇದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ ಎಂದರ್ಥ. ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ತಗಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇರುತ್ತದೆ, ನಯವಾದ ಹುಡಿಗೆ ಅಷ್ಟು ಸಾಕು. ಅಂಗಡಿಯಲ್ಲಿ ಮಿಷನ್ ಬಿಚ್ಚಲು ಬಿಡುವುದಿಲ್ಲ, ಸರಿ. ಆದರೆ ರಿಪೇರಿ ಮಾಡುವವರು ದಿನಾ ಬಿಚ್ಚುತ್ತಾರಲ್ವಾ? ಅವರನ್ನು ಕೇಳಿ. ಬೇರಿಂಗ್ ಕೂರುವ ಗೂಡು ಅಲ್ಯೂಮಿನಿಯಂನದ್ದೋ ಪ್ಲಾಸ್ಟಿಕ್‌ನದ್ದೋ ಎಂದೂ ಕೇಳಿ.

ಅಂಗಡಿಯಲ್ಲೇ ನೋಡಬಹುದಾದದ್ದೂ ಇದೆ. ನಾನು ಹೇಳುತ್ತಿರುವುದು 125 ಮಿ.ಮೀ. ದುಂಡು ಪ್ಯಾಡ್‌ನ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಬಗ್ಗೆ, ಇಲ್ಲಿ ಹೆಚ್ಚಿನವರು ಕೊಳ್ಳುವುದು ಅದನ್ನೇ. ಅದರ ಪ್ಯಾಡ್, ಅಂದರೆ ಉಜ್ಜುಕಾಗದ ಅಂಟಿಸುವ ಅಡಿಯ ತಟ್ಟೆ, ಮರದ ಮೇಲೆ ಸುತ್ತುತ್ತಲೇ ಸಣ್ಣಗೆ ಅತ್ತಿತ್ತ ಅಲುಗುತ್ತದೆ. ಪ್ಲಗ್ ತೆಗೆದು ಪ್ಯಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕಟಕ ಅಂದರೆ ಬೇಡ. ಆಮೇಲೆ ಗಾಳಿಯಲ್ಲಿ ಹಿಡಿದು ಚಾಲು ಮಾಡಿಸಿ. ಪ್ಯಾಡ್ ನಡುಗಬೇಕು, ಗಿರಿಗಿರಿ ಓಡಬಾರದು. ಓಡುತ್ತಿದ್ದರೆ ಮೇಲಿನ ರಬ್ಬರ್ ಬ್ರೇಕ್ ರಿಂಗ್ ಇಲ್ಲ, ಇಲ್ಲವೇ ಅದು ಕೆಲಸ ಮಾಡುತ್ತಿಲ್ಲ. ಅಂಥದ್ದನ್ನು ಹಲಗೆಗೆ ಇಟ್ಟ ಕೂಡಲೇ ಸುರುಳಿ ಗೀರು ಬೀಳುತ್ತದೆ, ಪಾಲಿಶ್ ಹಾಕಿದಾಗ ಎದ್ದು ಕಾಣುತ್ತದೆ. ಎರಡು ನಿಮಿಷ ಕೈಯಲ್ಲೇ ಹಿಡಿದಿರಿ. ಬೆರಳು ಜುಮ್ಮೆಂದರೆ ಒಳಗಿನ ತೂಕ ಸಮವಾಗಿಲ್ಲ. ಆ ಅದುರು ನಿಮ್ಮ ಕೈಯನ್ನೂ ಬೇರಿಂಗನ್ನೂ ಒಟ್ಟಿಗೆ ತಿನ್ನುತ್ತದೆ.

ಸ್ವಿಚ್ಚಿಗೆ ರಬ್ಬರ್ ಹೊದಿಕೆ ಇರಲಿ. ವೈರು ಮಿಷನ್‌ನಿಂದ ಹೊರಬರುವ ಕಡೆ ಉದ್ದನೆಯ ಮೆತ್ತಗಿನ ರಬ್ಬರ್ ತೋಳು ಇರಲಿ. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಬದಲಿಸಲು ಹೊರಗಿನಿಂದಲೇ ತಿರುಪು ಇದ್ದರೆ ಒಳ್ಳೆಯದು.

ವ್ಯಾಟ್ ನೋಡಿ ಮರುಳಾಗಬೇಡಿ. ಪೆಟ್ಟಿಗೆಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಮಿಷನ್ ಎಳೆಯುವ ಕರೆಂಟಿನ ಲೆಕ್ಕ, ಮರದ ಮೇಲೆ ತೋರಿಸುವ ಶಕ್ತಿಯದ್ದಲ್ಲ. ಭಾರ ಇದ್ದರೆ ಗಟ್ಟಿ ಎಂಬ ಮಾತಿಗೂ ಅರ್ಥವಿಲ್ಲ.

ಇಷ್ಟೆಲ್ಲ ನೋಡಿ ತಂದ ಮಿಷನ್ನನ್ನೂ ಕೊಲ್ಲುವ ಒಂದು ಕೆಲಸವಿದೆ: ಗೋಡೆಯ ಪುಟ್ಟಿ ಉಜ್ಜುವುದು. ಪುಟ್ಟಿಯ ಹುಡಿ ಮರದ ಹುಡಿಗಿಂತ ನಯ, ಒಳಗೆ ಹೋದರೆ ಅರೆಯುತ್ತಲೇ ಇರುತ್ತದೆ. ಪೈಂಟಿಂಗ್‌ನವರು ಒಂದು ದಿನಕ್ಕೆ ಕೇಳಿದರೂ ನಾನು ಕೊಡುವುದಿಲ್ಲ. ಸ್ನೇಹ ಬೇರೆ, ಇದು ಬೇರೆ.

ಮರಕ್ಕೂ ಒತ್ತಿ ಹಿಡಿಯಬೇಡಿ. ಮಿಷನ್‌ನ ಭಾರವೇ ಸಾಕು. ಒತ್ತಿದರೆ ಪ್ಯಾಡ್ ಬಿಸಿಯಾಗಿ ಕಾಗದ ಕಚ್ಚಿಕೊಳ್ಳುವ ಕೊಕ್ಕೆಗಳು ಕರಗುತ್ತವೆ, ಆಮೇಲೆ ಕಾಗದ ಹಾರಿಹೋಗುತ್ತದೆ. ಕಾಗದದ ತೂತು ಪ್ಯಾಡ್‌ನ ತೂತಿಗೆ ಸರಿಯಾಗಿ ಕೂರಲಿ, ಸಾಧ್ಯವಾದರೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ. ಮಿಷನ್‌ಗೆ ಮಾತ್ರ ಅಲ್ಲ, ನಿಮ್ಮ ಎದೆಗೂ ಅದು ಬೇಕು. ಮರದ ಹುಡಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಮಾಸ್ಕ್ ಇಲ್ಲದೆ ಉಜ್ಜುವ ಹುಡುಗರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಬಿಡಿಭಾಗ. ಪ್ಯಾಡ್, ಬ್ರೇಕ್ ರಿಂಗ್, ಕಾರ್ಬನ್ ಸವೆದೇ ಸವೆಯುತ್ತವೆ. ಮೊನ್ನೆ ಪೆರ್ಲದ ಹುಡುಗನೊಬ್ಬ ಎರಡು ಮಿಷನ್‌ಗಳ ಹೆಸರು ಬರೆದುಕೊಂಡು ಬಂದಿದ್ದ. ಇಲ್ಲಿಂದಲೇ ಮಂಗಳೂರಿನ ಅಂಗಡಿಗೆ ಫೋನ್ ಮಾಡಿಸಿದೆ. "ಎರಡರ ಪ್ಯಾಡೂ ಬ್ರೇಕ್ ರಿಂಗೂ ಈಗ ನಿಮ್ಮಲ್ಲಿ ಇದೆಯಾ?" ಒಂದಕ್ಕೆ ಇದೆ ಎಂದರು, ಬೆಲೆಯನ್ನೂ ಹೇಳಿದರು. ಇನ್ನೊಂದಕ್ಕೆ, "ತರಿಸಿ ಕೊಡುವಾ, 15 ದಿನ ಆಗಬಹುದು" ಎಂದರು. ಹುಡುಗ ಚೀಟಿಯಲ್ಲಿ ಎರಡನೆಯ ಹೆಸರನ್ನು ಹೊಡೆದುಹಾಕಿದ.