ಕಪ್ಪು ಒಂದರಿಂದ ಬಿಳಿ ಏಳಕ್ಕೆ

ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಮೊದಲ ಒಂದು ಗಂಟೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಯಾರೋ, ‘ರಂಗಗೀತೆಯ ಆ ಸಂಜೆ ನೆನಪಿದೆಯೇ?’ ಎಂದು ಕೇಳಿದರು. ಮಧ್ಯರಾತ್ರಿಯವರೆಗೆ ಮಾತು ನಿಲ್ಲಲಿಲ್ಲ. ನಾನು ಮಾತ್ರ ಒಂದಕ್ಷರವನ್ನೂ ಬರೆಯಲಿಲ್ಲ. ಸಂಚಿಕೆಯ ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ. ಅಲ್ಲಿ ಬರೆಯದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ಅವರು ನಮಗೆ ಕಲಿಸುತ್ತಿದ್ದದ್ದು ವಿಜ್ಞಾನ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಏನೇನಿತ್ತೆಂದು ಈಗ ಕೇಳಿದರೆ ನಾನು ಫೇಲು. ಶಬ್ದದ ಪಾಠವೊಂದು ಉಳಿದಿದೆ. ಅಂದು ಅವರು ಶಾಲೆಯ ಹಾರ್ಮೋನಿಯಂ ಅನ್ನು ಮೇಜಿನ ಮೇಲಿಟ್ಟು, ಮೇಲಿನ ಹಲಗೆಯ ತಿರುಪು ಬಿಚ್ಚಿ, ಒಳಗೆ ಸಾಲಾಗಿ ಮಲಗಿದ್ದ ಹಿತ್ತಾಳೆಯ ನಾಲಿಗೆಗಳನ್ನು ತೋರಿಸಿದ್ದರು. ಉದ್ದನೆಯದು ನಿಧಾನ ನಡುಗುತ್ತದೆ, ಸ್ವರ ಕೆಳಗೆ. ಗಿಡ್ಡನೆಯದು ಬೇಗ ನಡುಗುತ್ತದೆ, ಸ್ವರ ಮೇಲೆ. ‘ಇದಕ್ಕೂ ನಿಮಗೂ ಇರುವ ವ್ಯತ್ಯಾಸವೆಂದರೆ, ಇದು ಗಾಳಿ ಊದಿದಾಗ ಮಾತ್ರ ಮಾತಾಡುತ್ತದೆ’ ಎಂದರು. ತಿರುಪು ಎಲ್ಲೆಲ್ಲಿದೆ ಎಂಬುದನ್ನು ನಾನು ಅಂದೇ ನೋಡಿಟ್ಟುಕೊಂಡೆ.

ಮೇಷ್ಟ್ರಿಗೆ ಕಂಪನಿ ನಾಟಕದ ಹುಚ್ಚು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕತೆಗಳನ್ನು ತಾವೇ ಪರದೆಯ ಹಿಂದೆ ನಿಂತು ನೋಡಿದವರಂತೆ ಹೇಳುತ್ತಿದ್ದರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಆ ಕಂಪನಿ ಸೇರಿದ್ದನ್ನು ಹೇಳುವಾಗಲಂತೂ, ನಾವೂ ಓಡಿಹೋಗಲಿ ಎಂಬ ಆಸೆ ಅವರಿಗಿತ್ತೋ ಏನೋ ಎಂದು ಅನುಮಾನ ಬರುತ್ತಿತ್ತು. 1940ರಿಂದ ಮೂರು ದಶಕ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದು ಅವರಿಗೆ ತಮ್ಮ ಮನೆಯವರಿಗೇ ಆದ ಅವಮಾನ. ಆದರೂ ನ್ಯಾಯವಂತ ಮನುಷ್ಯ: ‘ಆಕ್ಷೇಪಣೆಯಲ್ಲಿ ಸುಳ್ಳೇನಿಲ್ಲ. ಈ ಪೆಟ್ಟಿಗೆಗೆ ಗಮಕ, ಅಂದರೆ ಸ್ವರವನ್ನು ತೂಗಾಡಿಸುವುದು, ಬಾರದು. ಇದರ ಗಾಂಧಾರ, ಅದೇ ಸರಿಗಮದ ಗ, ತಂಬೂರಿಯ ಗಾಂಧಾರಕ್ಕಿಂತ ಒಂದು ಕೂದಲೆಳೆ ಮೇಲೆ’ ಎನ್ನುತ್ತಿದ್ದರು.

ಆ ಕೂದಲೆಳೆಯೇ ನಮ್ಮ ಪ್ರಾಣ ತಿಂದದ್ದು. ವಾರ್ಷಿಕೋತ್ಸವಕ್ಕೆ ಒಂದೂವರೆ ಗಂಟೆಯ ರಂಗಗೀತೆಗಳ ಕಾರ್ಯಕ್ರಮ, ನಡುನಡುವೆ ಸಂಭಾಷಣೆ. ಬೆಳಗ್ಗೆ ಆರಕ್ಕೆ ಅಭ್ಯಾಸ. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಕಿವಿಗೆ ಬೀಳುವವರೆಗೆ ಬಾಯಿ ತೆರೆಯುವಂತಿಲ್ಲ. ಬಿದ್ದ ಮೇಲೆ ಅದರಲ್ಲೇ ಕಾಲು ಗಂಟೆ. ಹಿಂದಿನ ವರ್ಷ ಮುಖ್ಯ ಗಾಯಕ ನಾನು. ಗಂಟಲು ಒಡೆದ ಮೇಲೆ ನನ್ನನ್ನು ಹಿಮ್ಮೇಳಕ್ಕೆ ಇಳಿಸಿ, ನನ್ನ ಜಾಗದಲ್ಲಿ ಗೆಳೆಯನೊಬ್ಬನನ್ನು ನಿಲ್ಲಿಸಿದ್ದರು. ಅವನು ಚೆನ್ನಾಗಿಯೇ ಹಾಡುತ್ತಿದ್ದ. ನನ್ನಷ್ಟಲ್ಲ.

ಕಾರ್ಯಕ್ರಮಕ್ಕೆ ಎರಡು ದಿನವಿದ್ದಾಗ ಹಾರ್ಮೋನಿಯಂ ತೆರೆದು, ಕಾಗದದ ಚೂರೊಂದನ್ನು ಮಡಿಸಿ ಗಾಂಧಾರದ ನಾಲಿಗೆಯ ಕೆಳಗೆ ತುರುಕಿದೆ. ಗೆಳೆಯನ ಶ್ರುತಿ ಕಪ್ಪು ಒಂದು, ಅಂದರೆ ಅವನ ‘ಸ’ ಸಾಲಿನ ಮೊದಲ ಕಪ್ಪು ಮನೆ. ಹಾಗಾಗಿ ಗಾಂಧಾರ ಬಿಳಿ ನಾಲ್ಕು. ಒಂದು ಬೆಳಗಿನ ಅಭ್ಯಾಸ ಕೆಟ್ಟರೆ ಸಾಕಿತ್ತು. ಕೆಡಲೂ ಇಲ್ಲ: ಮೇಷ್ಟ್ರು ಮರುದಿನ ಹಾರ್ಮೋನಿಯಂ ಮುಟ್ಟದೆ ತಂಬೂರಿಯಲ್ಲೇ ಮುಗಿಸಿದರು. ಹೆದರಿ, ಆ ರಾತ್ರಿ ರಂಗಸಜ್ಜಿಕೆಯ ನೆಪದಲ್ಲಿ ಉಳಿದು, ಪ್ರಯೋಗಾಲಯಕ್ಕೆ ನುಗ್ಗಿ ಕೈವಾರದ ಮೊನೆಯಿಂದ ಕಾಗದ ಎಬ್ಬಿಸಲು ಹೋದೆ. ಟಿಕ್ ಎಂದಿತು. ಕಾಗದದ ಜೊತೆಗೆ ನಾಲಿಗೆಯೂ ಕಡಿದು ಬಂತು. ಹೇಗೋ ಹಲಗೆ ಮುಚ್ಚಿ ತಿರುಪು ಬಿಗಿದು ಓಡಿದೆ.

ಮರುದಿನ ಒಂದಾದ ಮೇಲೊಂದು. ಬೆಳಗ್ಗೆ ಗೆಳೆಯನ ಗಂಟಲು ಕಟ್ಟಿ ಉಸಿರಷ್ಟೇ ಹೊರಡುತ್ತಿತ್ತು. ಸಂಜೆ ಐದಕ್ಕೆ ಮೇಷ್ಟ್ರು ಬಿಳಿ ನಾಲ್ಕನ್ನು ಒತ್ತಿದರು, ಬರೀ ಗಾಳಿ. ಇನ್ನೊಮ್ಮೆ ಒತ್ತಿದರು. ‘ಸುಳ್ಳು ಗಾಂಧಾರ ತಾನಾಗಿಯೇ ಹೋಯಿತು’ ಎಂದರು, ಅಷ್ಟೇ. ಐದೂವರೆಗೆ ಕರೆಂಟು ಹೋಗಿ ಮೈಕೂ ಸತ್ತಿತು. ಮುಖ್ಯೋಪಾಧ್ಯಾಯರು ಕಾರ್ಯಕ್ರಮವನ್ನು ಭಾಷಣಕ್ಕೆ ಬದಲಾಯಿಸೋಣವೆಂದರು. ಅಂಥ ಬೆದರಿಕೆ ಎದುರಿಗಿದ್ದರೆ ಯಾರು ತಾನೇ ಧೈರ್ಯಗೆಡುತ್ತಾರೆ?

ಮೇಷ್ಟ್ರು ನನ್ನತ್ತ ತಿರುಗಿ, ‘ನೀನು ಹಾಡು’ ಎಂದರು. ನನ್ನ ಹೊಸ ಗಂಟಲು ಕಪ್ಪು ಒಂದಕ್ಕೆ ಏರುತ್ತಿರಲಿಲ್ಲ. ಅವರು ಕೆಳಗಿನ ಬಿಳಿ ಏಳನ್ನು ಹಿಡಿದು ಷಡ್ಜವನ್ನು, ಅಂದರೆ ‘ಸ’ವನ್ನು, ಅಲ್ಲಿಗೆ ಇಳಿಸಿದರು, ಎರಡು ಮನೆ ಕೆಳಗೆ. ಆಮೇಲೆ ನನಗೆ ಅರ್ಥವಾದದ್ದು: ಷಡ್ಜ ಅಲ್ಲಿಗೆ ಹೋದರೆ ಗಾಂಧಾರ ಕಪ್ಪು ಎರಡಕ್ಕೆ ಬರುತ್ತದೆ, ಸತ್ತ ಬಿಳಿ ನಾಲ್ಕು ತೀವ್ರ ಮಧ್ಯಮವಾಗುತ್ತದೆ, ಅಂದರೆ ಏರಿಸಿದ ‘ಮ’. ನಮ್ಮ ಹಾಡುಗಳಲ್ಲಿ ಹೆಚ್ಚಿನವುಗಳ ರಾಗ ಮೋಹನ, ಶಂಕರಾಭರಣ, ಭೀಮ್‌ಪಲಾಸ್. ಯಾವುದಕ್ಕೂ ತೀವ್ರ ಮಧ್ಯಮ ಬೇಕಿಲ್ಲ. ಗಂಟಲು ಹೋದ ತೊಂದರೆ, ನಾಲಿಗೆ ಹೋದ ತೊಂದರೆ ಎರಡನ್ನೂ ಒಂದೇ ಏಟಿಗೆ ಬಗೆಹರಿಸಿದ್ದರು, ಕೈಬೆರಳು ಎರಡು ಮನೆ ಸರಿಸಿ.

ತಬಲಾದ ಹುಡುಗ ಪಕ್ಕದ ಮರದ ಗಟ್ಟಗಳನ್ನು ಮೇಲಕ್ಕೆ ಬಡಿದು ಶ್ರುತಿ ಇಳಿಸತೊಡಗಿದ. ಕತ್ತಲಲ್ಲಿ ಅವನ ಕೈಗೆ ಟಾರ್ಚ್ ಹಿಡಿದು ಕುಕ್ಕರಗಾಲಿನಲ್ಲಿ ಕೂತವರು ಗಣಿತದ ಟೀಚರ್. ಅವನ ತಲೆಯ ಮೇಲೆ ಡಸ್ಟರ್ ಎಸೆಯುವುದು ಬಿಟ್ಟು ಅವನಿಗೆ ಬೇರೇನನ್ನೂ ಕೊಡದಿದ್ದ ಟೀಚರ್.

ಎರಡು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಶುರುವಾಯಿತು. ‘ಕೊನೆಯ ಸಾಲಿನವನಿಗೆ ಹಾಡು. ಕಂಪನಿಯವರು ಮೈಕಿಗೆ ಕಾಯುತ್ತ ಕೂತಿರಲಿಲ್ಲ’ ಎಂದು ಮೇಷ್ಟ್ರು ಕಿವಿಯಲ್ಲಿ ಹೇಳಿದರು. ಬೇಹಾಗ್‌ನ ಒಂದೇ ಒಂದು ಹಾಡಿನಲ್ಲಿ ತೀವ್ರ ಮಧ್ಯಮ ಬರುತ್ತಿತ್ತು. ಆ ಜಾಗ ಬಂದಾಗಲೆಲ್ಲ ಅವರು ಬೆರಳೆತ್ತಿ, ತಿದಿ ಒತ್ತುತ್ತಲೇ, ಆ ಸ್ವರವನ್ನು ತಮ್ಮ ಬಾಯಿಯಲ್ಲೇ ತುಂಬಿದರು. ಜನ ಅದನ್ನು ಕುಸುರಿ ಎಂದುಕೊಂಡು ಚಪ್ಪಾಳೆ ತಟ್ಟಿದರು. ನನ್ನ ಹಾಡಿಗೂ ತಟ್ಟಿದರು. ಅಂದಿನಷ್ಟು ಚೆನ್ನಾಗಿ ಆ ವೇದಿಕೆಯಲ್ಲಿ ಇನ್ನಾರೂ ಹಾಡಿಲ್ಲವೆಂದು ಹೇಳುವವರು ಈಗಲೂ ಇಬ್ಬರಿದ್ದಾರೆ. ಒಬ್ಬಳು ನನ್ನ ಅಕ್ಕ. ಮುಂದಿನ ವಾರ ರೇಖಾಗಣಿತದ ಪರೀಕ್ಷೆಯಲ್ಲಿ ಕೈವಾರ ಕಾಣದೆ ಅವಳದೇ ಬಳೆಯಿಟ್ಟು ವೃತ್ತ ಎಳೆದು ಟೀಚರ್‌ರಿಂದ ಬೈಸಿಕೊಂಡೆ.

ಈಚೆಗೆ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬೆಳಕು, ಹೊಗೆ, ಪರದೆ, ಎಲ್ಲವೂ ಉಂಟು. ಹಾಡು ಪೆನ್‌ಡ್ರೈವಿನಲ್ಲಿತ್ತು. ಪೆನ್‌ಡ್ರೈವಿಗೆ ನೆಗಡಿಯಾಗುವುದಿಲ್ಲ, ಒಪ್ಪಿದೆ. ಆದರೆ ಶ್ರುತಿಗೆ ಏರಲಾರದ ಹುಡುಗಿಯೊಬ್ಬಳು ಬಾಯಿ ಮಾತ್ರ ಆಡಿಸುತ್ತಿದ್ದಳು. ಅವಳಿಗಾಗಿ ಎರಡು ಮನೆ ಕೆಳಗಿಳಿಯುವವರು ಅಲ್ಲಿ ಯಾರೂ ಇರಲಿಲ್ಲ. ಅದನ್ನೂ ಮಾಡುವ ತಂತ್ರಾಂಶವಿದೆಯೆಂದು ಮಗ ಹೇಳಿದ. ಇರಬಹುದು.

ಮೇಷ್ಟ್ರು ಹಾಸಿಗೆ ಹಿಡಿಯುವ ಮುನ್ನ ಒಮ್ಮೆ ಅವರ ಮನೆಗೆ ಹೋಗಿದ್ದೆ. ಕಣ್ಣು ಮಂಜಾಗಿತ್ತು, ಗುರುತು ಸಿಗಲಿಲ್ಲ. ಹೆಸರು ಹೇಳಿದೆ, ಹತ್ತನೆಯ ತರಗತಿ ಎಂದೆ, ಬೇಹಾಗ್ ಎಂದೆ. ತುಸು ಹೊತ್ತು ಸುಮ್ಮನಿದ್ದು, ಎದ್ದು ಗೋಡೆ ಹಿಡಿದು ಒಳಗೆ ಹೋದರು. ಬರುವಾಗ ಕೈಯಲ್ಲಿ ತುಕ್ಕು ಹಿಡಿದ ಕೈವಾರವಿತ್ತು. ಅದರ ಕಾಲಿನ ಮೇಲೆ ನಾನೇ ಮೊಳೆಯಿಂದ ಗೀಚಿದ್ದ ನನ್ನ ಹೆಸರು.

‘ಅಂದು ಬೆಳಗ್ಗೆ ಪೆಟ್ಟಿಗೆಯ ಕೆಳಗೆ ಸಿಕ್ಕಿತು’ ಎಂದರು. ‘ಕೊಡೋಣವೆಂದಿದ್ದೆ. ಸಂಜೆ ಹಾಡಬೇಕಾದವನು, ಗಂಟಲು ನಡುಗೀತು ಅನ್ನಿಸಿತು.’