ಒಂದು ದೇಶ, ಇಬ್ಬರು ಪ್ರಧಾನಿ

2018ರ ಅಕ್ಟೋಬರ್ 26, ಶುಕ್ರವಾರ ಸಂಜೆ. ಶ್ರೀಲಂಕಾದ ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ಕಿತ್ತುಹಾಕಿ, ಮಹಿಂದಾ ರಾಜಪಕ್ಸೆಯವರಿಗೆ ಪ್ರಮಾಣವಚನ ಬೋಧಿಸಿಬಿಟ್ಟರು. ಆಗ ಕೆಲಸದ ಮೇಲೆ ನಾನು ಕೊಲಂಬೋದಲ್ಲೇ ಇದ್ದೆ. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಈಗ ಪ್ರಧಾನಿ ಯಾರಪ್ಪಾ?’ ರನಿಲ್ ಅಂತೂ ಪ್ರಧಾನಿ ನಿವಾಸ ಟೆಂಪಲ್ ಟ್ರೀಸ್ ಬಿಟ್ಟು ಕದಲಲೇ ಇಲ್ಲ.

ಈ ಮೂವರ ನಂಟೇ ವಿಚಿತ್ರ. 2014ರಲ್ಲಿ ಆಗಿನ ಅಧ್ಯಕ್ಷ ಮಹಿಂದಾ ಜೊತೆ ಕೂತು ಅಪ್ಪಂ ತಿಂದು, ಮರುದಿನವೇ ಅವರ ವಿರುದ್ಧ ಚುನಾವಣೆಗೆ ನಿಂತವರು ಸಿರಿಸೇನಾ. ಅವರನ್ನು ಗೆಲ್ಲಿಸಲು ಹೆಗಲು ಕೊಟ್ಟವರು ರನಿಲ್. ಅಧ್ಯಕ್ಷರ ಅಧಿಕಾರ ಜಾಸ್ತಿಯಾಯಿತು ಅಂತ 2015ರಲ್ಲಿ ಇಬ್ಬರೂ ಸೇರಿಯೇ ಸಂವಿಧಾನಕ್ಕೆ 19ನೇ ತಿದ್ದುಪಡಿ ತಂದರು. ಅದರ ಪ್ರಕಾರ ಸಂಸತ್ತಿಗೆ ನಾಲ್ಕೂವರೆ ವರ್ಷ ಆಗುವವರೆಗೆ ಅಧ್ಯಕ್ಷರು ತಮ್ಮಷ್ಟಕ್ಕೆ ಅದನ್ನು ವಿಸರ್ಜಿಸುವಂತಿರಲಿಲ್ಲ. ತಾವೇ ಕಟ್ಟಿದ ಬೇಲಿಯನ್ನು ಸಿರಿಸೇನಾ 2018ರ ನವೆಂಬರ್ 9ರಂದು ಹಾರಿ, ಸಂಸತ್ತು ವಿಸರ್ಜಿಸಿದರು. ನಾಲ್ಕೇ ದಿನದಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ನವೆಂಬರ್ 16ರ ಸಂಸತ್ತನ್ನು ಟಿವಿಯಲ್ಲಿ ಬಾಯಿಬಿಟ್ಟು ನೋಡಿದೆ. ಸ್ಪೀಕರ್ ಕರು ಜಯಸೂರ್ಯ ಅವರ ಪೀಠದಲ್ಲಿ ಮಹಿಂದಾ ಬಣದ ಸಂಸದರೊಬ್ಬರು ಕೂತುಬಿಟ್ಟಿದ್ದರು. ಸ್ಪೀಕರ್ ಪೊಲೀಸರ ನಡುವೆ ಒಳಗೆ ಬಂದರು. ಕುರ್ಚಿ ತೂರಿಬಂತು, ಖಾರದ ಪುಡಿಯೂ ಬಂತು. ಪಾಪ, ಪೊಲೀಸರ ಕಣ್ಣಿಗೆ! ಆ ಗದ್ದಲದಲ್ಲೇ ಮಹಿಂದಾ ಮೇಲಿನ ಅವಿಶ್ವಾಸ ಧ್ವನಿಮತದಿಂದ ಪಾಸಾಯಿತು.

ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳೂ ಒಮ್ಮತದಿಂದ ವಿಸರ್ಜನೆ ಅಕ್ರಮ ಅಂದರು. ಮಹಿಂದಾ ರಾಜೀನಾಮೆ ಕೊಟ್ಟರು. 225 ಸಂಸದರೂ ಬಂದು ಕೇಳಿದರೂ ರನಿಲ್‌ರನ್ನು ಮತ್ತೆ ಪ್ರಧಾನಿ ಮಾಡಲ್ಲ ಎಂದಿದ್ದ ಸಿರಿಸೇನಾ, 16ರಂದು ತಾವೇ ಅವರಿಗೆ ಪ್ರಮಾಣವಚನ ಬೋಧಿಸಿದರು. 51 ದಿನದ ನಾಟಕ ಮುಗಿಯಿತು ಅಂತ ಟುಕ್‌ಟುಕ್ ಡ್ರೈವರುಗಳೂ ನಕ್ಕರು.

ನನ್ನ ಪ್ರಕಾರ ಜಗಳ ಮುಗಿದಿರಲಿಲ್ಲ, ಬಾಗಿಲ ಒಳಗೆ ಹೋಗಿತ್ತು ಅಷ್ಟೇ. ರಕ್ಷಣಾ ಖಾತೆ, ಪೊಲೀಸ್ ಎರಡೂ ಅಧ್ಯಕ್ಷರ ಕೈಯಲ್ಲಿದ್ದವು. ಅಕ್ಟೋಬರ್‌ನಿಂದ ದೇಶದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಗೆ ಕರೆಯೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ದಾಳಿಯಾಗಬಹುದು ಅಂತ ಭಾರತದಿಂದ ಎಚ್ಚರಿಕೆ ಹೋಗಿತ್ತು. ಅದು ತಮ್ಮವರೆಗೆ ಬರಲೇ ಇಲ್ಲ ಅಂದರು ರನಿಲ್. ನನಗೂ ಗೊತ್ತಿರಲಿಲ್ಲ ಅಂದರು ಸಿರಿಸೇನಾ. ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಿರಿಸೇನಾ ಅವರದ್ದು ನಿರ್ಲಕ್ಷ್ಯ ಎಂದಿತು. ಸಂತ್ರಸ್ತರಿಗೆ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರವನ್ನು ಸ್ವಂತ ಜೇಬಿನಿಂದ ಕೊಡಿ ಎಂದು ಹೇಳಿತು.